ಕುಂಕುಮ ಹಚ್ಚದ ಕಾಗದ

ನಾರಾಯಣಗೂಡ, ಹೈದರಾಬಾದ್
೧೦ ಮಾರ್ಚ್ ೨೦೨೪

ಅವ್ವಾ,

ನಿನ್ನ ಕಿವಿ ಕೈಕೊಟ್ಟ ಮೇಲೆ ಫೋನಿನಲ್ಲಿ ನಾನು ಗಂಟಲು ಹರಿದುಕೊಳ್ಳುವುದು, ನೀನು ಸುಮ್ಮನೆ ಹೂಂಗುಟ್ಟುವುದು, ಇಷ್ಟೇ ಆಗಿದೆ. ವಾಟ್ಸಾಪ್ ಬೇಡ, ಅಕ್ಷರ ನೋಡಿದರೆ ಬರೆದವರ ಕೈ ಕಾಣಬೇಕು ಅಂದವಳೂ ನೀನೇ. ಅದಕ್ಕೇ ಈ ಕಾಗದ. ಮೂವತ್ತೆಂಟು ವರ್ಷ ಕನ್ನಡ ಶಾಲೆಯಲ್ಲಿ ಕೆಂಪು ಪೆನ್ನು ಹಿಡಿದವಳು ನೀನು, ಇದನ್ನೂ ತಿದ್ದದೆ ಬಿಡುವುದಿಲ್ಲ ಅಂತ ಗೊತ್ತು. ತಿದ್ದಿ ಮಾರ್ಕ್ಸ್ ಹಾಕು.

ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿಕೊಂಡು ತೆಪ್ಪಗಿರದೆ ಈ ವಯಸ್ಸಿಗೆ ಎಂಥ ಪಿಎಚ್.ಡಿ. ಅಂತ ಕೇಳಿದೆಯಲ್ಲ, ಹೇಳುತ್ತೇನೆ, ಬೆಚ್ಚಬೇಡ. ಒಬ್ಬ ಕೊಲೆಗಾರನ ಮೇಲೆ. ಹೆಸರು ಮುನ್ಶಿ ರಾಮದಾಸ. ಅರವತ್ತು ವರ್ಷದ ಹಿಂದೆ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಮೇಜು ಹಾಕಿಕೊಂಡು, ಓದು ಬರಹ ಬಾರದವರಿಗೆ ಕಾಗದ ಬರೆದುಕೊಡುತ್ತಿದ್ದ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಅವನಿಗೆ ಬರುತ್ತಿದ್ದವು, ವಿಳಾಸ ಬರೆಯುವಷ್ಟು ಇಂಗ್ಲಿಷೂ. ೧೯೬೧ರಿಂದ ೬೪ರ ಒಳಗೆ ಐದು ಹೆಂಗಸರನ್ನು ಕೊಂದ. ಐವರೂ ನಮ್ಮ ಕಡೆಯವರು, ದುಡಿಯಲು ಬಂದ ವಿಧವೆಯರು, ಅವನ ಹತ್ತಿರ ಕಾಗದ ಬರೆಸುತ್ತಿದ್ದವರು. ಕೊಂದ ಮೇಲೂ ಅವರ ಹೆಸರಿನಲ್ಲಿ ಊರಿಗೆ ಕಾಗದ ಹಾಕುತ್ತಿದ್ದ. ಮನೆಯವರು ಬದುಕಿದ್ದಾಳೆ ಅಂದುಕೊಂಡರು, ಯಾರೂ ಹುಡುಕಲಿಲ್ಲ.

ಯಾಕೆ ಕೊಂದೆ ಅಂತ ಕೋರ್ಟಿನಲ್ಲಿ ಕೇಳಿದ್ದಕ್ಕೆ, ಇವರೆಲ್ಲ ಮನೆ ಬಿಟ್ಟು ಓಡಿಬಂದು ಕೆಟ್ಟವರು, ನನ್ನ ತಾಯಿಯೂ ಹೀಗೇ ನನ್ನನ್ನು ಬಿಟ್ಟು ಓಡಿಹೋಗಿದ್ದಳು, ಆ ಸಿಟ್ಟು ಅಂದ. ಎಲ್ಲರೂ ನಂಬಿದರು. ನನ್ನ ಗೈಡ್ ಚಂದ್ರಕಾಂತ ಸರ್ ಆ ತಾಯಿಯ ಮೇಲೆ ಅರವತ್ತು ಪುಟದ ಪ್ರಬಂಧವನ್ನೇ ಬರೆದಿದ್ದಾರೆ. ನನಗೆ ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಕೊಂದವನು ಹೇಳಿದ ಕಾರಣವನ್ನೇ ಬರೆದುಕೊಳ್ಳುವುದಾದರೆ ಮನಃಶಾಸ್ತ್ರ ಯಾಕೆ ಬೇಕು, ಒಬ್ಬ ಟೈಪಿಸ್ಟ್ ಸಾಕು.

ದಾಖಲೆ ಕಚೇರಿಯಲ್ಲಿ ಅವನ ಪೆಟ್ಟಿಗೆಯಿಂದ ಜಪ್ತಿ ಮಾಡಿದ ಕಾಗದಗಳ ಕಟ್ಟೊಂದಿದೆ. 'ಕನ್ನಡ ಕಾಗದಗಳು. ಆರೋಪಿ ತಪ್ಪೊಪ್ಪಿರುವುದರಿಂದ ಅನುವಾದ ಬೇಕಿಲ್ಲ' ಅಂತ ಚೀಟಿ ಅಂಟಿಸಿದ್ದಾರೆ. ಅಂದಿನಿಂದ ಯಾರೂ ಬಿಚ್ಚಿಲ್ಲ. ಮುಂದಿನ ವಾರ ನನಗೆ ಅಪ್ಪಣೆ ಸಿಗುತ್ತದೆ. ಸಾಕ್ಷಿಯೊಬ್ಬ ಒಂದು ವಿಚಿತ್ರ ಹೇಳಿದ್ದಾನೆ: ಮುನ್ಶಿ ಮೇಜಿನ ಮೇಲೆ ಕುಂಕುಮದ ಭರಣಿ ಇಟ್ಟುಕೊಂಡಿದ್ದನಂತೆ, ಬರೆದು ಮುಗಿಸಿದ ಪ್ರತಿ ಕಾಗದದ ಮೂಲೆಗೆ ಉಂಗುರ ಬೆರಳಿನಿಂದ ಒತ್ತುತ್ತಿದ್ದನಂತೆ. ಶುಭ ಅಂತ ಗಿರಾಕಿಗಳಿಗೂ ಇಷ್ಟವಂತೆ.

ಗುಳಿಗೆ ಮರೆಯಬೇಡ.

ನಿನ್ನ ಶೀತಲ


ಬಸವಕಲ್ಯಾಣ
೧೯ ಮಾರ್ಚ್ ೨೦೨೪

ಶೀತಲ,

ನಿನ್ನ ಕಾಗದ ಮುಟ್ಟಿತು. ಈ ವಿಷಯ ಬಿಡು. ಜಗತ್ತಿನಲ್ಲಿ ಓದುವುದಕ್ಕೆ ಒಳ್ಳೆಯವರು ಯಾರೂ ಇಲ್ಲವೇ? ಆ ಸುಡುಗಾಡು ಕಟ್ಟನ್ನು ಬಿಚ್ಚಬೇಡ.

ನಿನ್ನ ಪತ್ರಕ್ಕೆ ಹತ್ತಕ್ಕೆ ಮೂರು.

ಗುಳಿಗೆ ತಗೊಳ್ಳುತ್ತಿದ್ದೇನೆ. ಮಾವನ ಮಗ ಗುರುಶಾಂತ ಬಂದು ಹೋದ, ಅವರ ಮನೆಯಲ್ಲಿ ಎಲ್ಲರೂ ಆರಾಮ.

ಅವನು ಕುಂಕುಮ ಯಾವ ಮೂಲೆಗೆ ಹಚ್ಚುತ್ತಿದ್ದ? ಎಡಕ್ಕೋ ಬಲಕ್ಕೋ?

ನಿನ್ನ ಅವ್ವ


ನಾರಾಯಣಗೂಡ
೨೮ ಮಾರ್ಚ್ ೨೦೨೪

ಅವ್ವಾ,

ಬಲಗಡೆ, ಮೇಲಿನ ಮೂಲೆಗೆ. ಯಾಕೆ ಕೇಳಿದಿ?

ಕಟ್ಟು ಬಿಚ್ಚಿದೆ, ಬೈದುಕೋ. ತೇವ ಹಿಡಿದು ಕಾಗದಗಳು ಒಂದಕ್ಕೊಂದು ಹಪ್ಪಳದ ಹಾಗೆ ಅಂಟಿಕೊಂಡಿವೆ. ಮೇಲಿನ ಏಳೆಂಟು ಮಾತ್ರ ಕೈಗೆ ಬಂದವು. ಉಳಿದವನ್ನು ಬಿಡಿಸಲು ಅಲ್ಲಿಯವರಿಗೆ ಜುಲೈ ತನಕ ಬೇಕಂತೆ.

ಐದು ಜನರಲ್ಲಿ ನಾಲ್ವರ ಹೆಸರು ಸಿಕ್ಕಿದೆ. ಮೂರನೆಯವಳಿಗೆ ಹೆಸರೇ ಇಲ್ಲ. 'ಗುರುತು ಹತ್ತದ ಹೆಂಗಸು, ಕನ್ನಡ ಮಾತು, ನಾರಾಯಣಗೂಡದ ವಿದ್ಯಾರ್ಥಿ ನಿಲಯವೊಂದರಲ್ಲಿ ಅಡುಗೆ ಕೆಲಸ, ೧೯೬೨' ಅಂತ ಅಷ್ಟೇ. ನಾನು ದಿನಾ ಮೆಟ್ರೊ ಹತ್ತುವ ಬೀದಿಯಲ್ಲೇ ಎಲ್ಲೋ ಆಕೆ ನೂರು ಹುಡುಗರಿಗೆ ರೊಟ್ಟಿ ಬಡಿಯುತ್ತಿದ್ದಳು. ಯಾರೂ ಹುಡುಕಿಕೊಂಡು ಬರದೇ ಇದ್ದುದು ಆಕೆಯೊಬ್ಬಳನ್ನೇ ಅವ್ವಾ. ಉಳಿದವರ ಕಡೆಯಿಂದ ಕೇಸು ಶುರುವಾದ ಮೇಲಾದರೂ ಒಬ್ಬರಲ್ಲ ಒಬ್ಬರು ಬಂದಿದ್ದಾರೆ.

ನನಗೆ ಹತ್ತಕ್ಕೆ ಮೂರು ಯಾವ ಜನ್ಮದಲ್ಲೂ ಬಿದ್ದಿರಲಿಲ್ಲ.

ನಿನ್ನ ಶೀತಲ


ಬಸವಕಲ್ಯಾಣ
೨ ಮೇ ೨೦೨೪

ಶೀತೂ,

ಐದು ವಾರ ಬರೆಯಲಿಲ್ಲ. ಬರೆದೆ, ಹರಿದೆ. ಇದು ನಾಲ್ಕನೆಯದು.

ನಿಮ್ಮಜ್ಜಿ ಕಾಲರಾದಲ್ಲಿ ಸತ್ತಳು ಅಂತ ನಿನಗೆ ಹೇಳಿದ್ದು ಸುಳ್ಳು. ಆಕೆಯ ಹೆಸರು ಗುರುಬಾಯಿ. ನನ್ನ ಅಪ್ಪ ತೀರಿಕೊಂಡಾಗ ಆಕೆಗೆ ಇಪ್ಪತ್ತಾರು, ನನಗೆ ಏಳು. ನನ್ನನ್ನು ತನ್ನ ಅಣ್ಣ ಕಲ್ಯಾಣಪ್ಪನ ಮನೆಯಲ್ಲಿ ಬಿಟ್ಟು ಹೈದರಾಬಾದಿಗೆ ಅಡುಗೆ ಕೆಲಸಕ್ಕೆ ಹೋದಳು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಬರೆಸಿದ ಕಾಗದ, ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಮಾವ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದ. ನಾನು ಆ ಕಾಗದ ಮೂಸುತ್ತಿದ್ದೆ, ಒಗ್ಗರಣೆ ವಾಸನೆ ಇರುತ್ತದೇನೋ ಅಂತ.

೬೨ರ ದೀಪಾವಳಿ ಕಳೆದ ಮೇಲೆ ಬಂದ ಕಾಗದದ ಬಲಗಡೆ ಮೂಲೆಗೆ ಕುಂಕುಮ ಇತ್ತು. ಅಲ್ಲಿಯ ತನಕ ಯಾವ ಕಾಗದಕ್ಕೂ ಇರಲಿಲ್ಲ, ವಿಧವೆಯ ಕಾಗದಕ್ಕೆ ಯಾರು ಹಚ್ಚುತ್ತಾರೆ? ಮಾವ ಅದನ್ನು ನೋಡಿ ಕಾಗದ ಮಡಚಿ ಜೇಬಿಗೆ ಹಾಕಿದ. ಆಮೇಲೆ ಮಾಮಿಗೆ ಹೇಳಿದ: "ಕಾಗದಕ್ಕ ಕುಂಕುಮ ಹಚ್ಚತಾಳಂದ್ರ ಹಣಿಗೂ ಹಚಗೊಂಡಾಳ. ಅಲ್ಲೇ ಯಾವನ್ನೋ ಉಡಿಕಿ ಮಾಡಿಕೊಂಡು ಕುಂತಾಳ. ಹೆತ್ತ ಮಗಳು ನೆಪ್ಪಿಲ್ಲ."

ನಮ್ಮಲ್ಲಿ ಉಡಿಕಿ ಹೊಸದಲ್ಲ, ವಿಧವೆಯರು ಎರಡನೆಯ ಮದುವೆ ಆಗುತ್ತಾರೆ. ಆದರೆ ಅಣ್ಣನಿಗೆ ಹೇಳದೆ, ಮಗಳನ್ನು ಬಿಟ್ಟು, ಕದ್ದು ಮಾಡಿಕೊಂಡಳು ಅನ್ನುವುದು ಮಾವನ ಹೊಟ್ಟೆಗೆ ಹತ್ತಿದ ಬೆಂಕಿ. ಆತ ತಿರುಗಿ ಒಂದೇ ಕಾಗದ ಬರೆದ. ಆಮೇಲೆ ಆ ಮನೆಯಲ್ಲಿ ಆಕೆಯ ಹೆಸರು ಯಾರೂ ಎತ್ತಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆಲ್ಲ ಎಡೆ ಇಡುವಾಗ ಆಕೆಗೆ ಇಡಲಿಲ್ಲ. ಬದುಕಿದವರಿಗೆ ಎಡೆ ಇಲ್ಲ, ಸತ್ತಳೆಂಬ ಸುದ್ದಿಯೂ ಬರಲಿಲ್ಲ. ಶಾಲೆಯಲ್ಲಿ ನನಗೆ 'ಓಡಿಹೋದಾಕಿ ಮಗಳು' ಅಂತಲೇ ಹೆಸರು. ಮೇಷ್ಟ್ರು ತಾಯಿಯ ಹೆಸರು ಕೇಳಿದಾಗ ಮಾಮಿಯ ಹೆಸರು ಹೇಳುತ್ತಿದ್ದೆ. ಮದುವೆಯಲ್ಲೂ ಅದನ್ನೇ ಬರೆಸಿದೆವು. ನಿನ್ನ ಅಪ್ಪನಿಗೂ ಕೊನೆಯ ತನಕ ಗೊತ್ತಿರಲಿಲ್ಲ.

ಶೀತೂ, ನಾನು ಆಕೆಯನ್ನು ಅರವತ್ತೆರಡು ವರ್ಷ ಬೈದಿದ್ದೇನೆ. ಬಾಯಿ ತೆರೆದು ಅಲ್ಲ, ಒಳಗೇ.

ಮಾವ ಉಳಿದ ಕಾಗದಗಳನ್ನು ಒಲೆಗೆ ಹಾಕಿದ. ಕುಂಕುಮ ಹಚ್ಚಿದ ಆ ಒಂದನ್ನು ನಾನು ಕದ್ದು ಇಟ್ಟುಕೊಂಡಿದ್ದೆ. ಸಿಟ್ಟು ಆರಬಾರದು ಅಂತ. ಇದರ ಜೊತೆಗೆ ಕಳಿಸಿದ್ದೇನೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಏನಿದ್ದರೂ ನೇರ ಬರೆ. ನನ್ನನ್ನು ಕಾಪಾಡಲು ಹೋಗಿ ಸಕ್ಕರೆ ಹಚ್ಚಬೇಡ.

ನಿನ್ನ ಅವ್ವ


ನಾರಾಯಣಗೂಡ
೨೦ ಮೇ ೨೦೨೪

ಅವ್ವಾ,

ನೇರ ಬರೆಯುತ್ತೇನೆ. ಕುಳಿತುಕೊಂಡು ಓದು.

ನೀನು ಕಳಿಸಿದ ಕಾಗದ ರಾಮದಾಸನ ಕೈಬರಹ. ದಾಖಲೆ ಕಚೇರಿಯ ತಜ್ಞರೂ ನೋಡಿ ಸಹಿ ಹಾಕಿದ್ದಾರೆ. ಕಾಗದದ ಮೇಲಿನ ತಾರೀಖು ೧೯೬೨ ನವೆಂಬರ್ ೯. ಮೂರನೆಯ ಹೆಂಗಸು ವಿದ್ಯಾರ್ಥಿ ನಿಲಯದಿಂದ ಕಾಣೆಯಾದದ್ದು ಅಕ್ಟೋಬರ್ ೬ಕ್ಕೆ. ಅಂದರೆ ಈ ಕಾಗದ ಬರೆದಾಗ ನಿಮ್ಮವ್ವ ತೀರಿಕೊಂಡು ತಿಂಗಳ ಮೇಲಾಗಿತ್ತು.

ಕುಂಕುಮದ ಸಂಗತಿ ಕೇಳು. ಫುಟ್‌ಪಾತಿನ ಆ ಸಾಕ್ಷಿ ಹಣ್ಣು ಮಾರುವವನು. ಆತನ ಹೇಳಿಕೆಯನ್ನು ಮತ್ತೆ ತೆಗೆಸಿ ಪೂರ್ತಿ ಓದಿದೆ. ಅಡುಗೆಯವಳೊಬ್ಬಳು ಪ್ರತಿ ಸಲ ಮುನ್ಶಿಯ ಕೈ ತಡೆಯುತ್ತಿದ್ದಳಂತೆ. "ನನ್ನ ಕಾಗದಕ್ಕ ಬ್ಯಾಡ್ರಿ ಮುನ್ಶೀಜಿ, ಅಣ್ಣ ತಪ್ಪು ತಿಳಕೋತಾನ" ಅನ್ನುತ್ತಿದ್ದಳಂತೆ. ಅದಕ್ಕೇ ಮೊದಲಿನ ಕಾಗದಗಳಿಗೆ ಕುಂಕುಮ ಇರಲಿಲ್ಲ. ಆಕೆಯನ್ನು ಕೊಂದು ಆಕೆಯ ಹೆಸರಿನಲ್ಲಿ ಬರೆಯುವಾಗ ತಡೆಯುವವರು ಯಾರೂ ಇರಲಿಲ್ಲ, ಅವನ ಬೆರಳು ರೂಢಿಯಂತೆ ಭರಣಿಗೆ ಹೋಯಿತು. ಆ ಗುರುತು ನೋಡಿ ನೀವು ಆಕೆ ಮದುವೆಯಾದಳು ಅಂದುಕೊಂಡಿರಿ. ಅದು ಆಕೆ ಇಲ್ಲ ಅನ್ನುವ ಗುರುತಾಗಿತ್ತು.

ನಿನ್ನ ಮಾವ ಮುನ್ಶಿಯ ವಿಳಾಸಕ್ಕೆ ಬರೆದ ಉತ್ತರವೂ ಕಟ್ಟಿನ ಮೇಲ್ಗಡೆಯೇ ಇತ್ತು, ಹೆಸರಿಲ್ಲದ್ದರಿಂದ ಮೊದಲು ನನಗೆ ಗುರುತು ಹತ್ತಿರಲಿಲ್ಲ. 'ಕುಂಕುಮ ನೋಡಿ ಎಲ್ಲ ತಿಳಿಯಿತು. ನಮ್ಮ ಪಾಲಿಗೆ ನೀ ಸತ್ತಿ. ಇನ್ನು ಬರೆಯಬೇಡ.' ಅದನ್ನು ಓದಿ ರಾಮದಾಸನಿಗೆ ದಾರಿ ಹೊಳೆಯಿತು. ಆಮೇಲಿನ ಇಬ್ಬರ ಮನೆಯವರು ಕೋರ್ಟಿಗೆ ಕೊಟ್ಟ ಕಾಗದಗಳಲ್ಲಿ, ಬದುಕಿದ್ದಾಗ ಬರೆಸಿದವಕ್ಕೆ ಕುಂಕುಮ ಇಲ್ಲ, ಸತ್ತ ಮೇಲೆ ಅವನು ಬರೆದವಕ್ಕೆಲ್ಲ ಬೇಕೆಂದೇ ಕುಂಕುಮ. ಮನೆಯವರೇ ಬಾಗಿಲು ಹಾಕಿಕೊಂಡರು. ಓಡಿಬಂದು ಕೆಟ್ಟವರು ಅಂತ ಕೋರ್ಟಿನಲ್ಲಿ ಅಂದನಲ್ಲ, ಅವರನ್ನು ಕೆಟ್ಟವರನ್ನಾಗಿ ಬರೆದದ್ದು ಅವನೇ.

ಅವ್ವಾ, ನಿಮ್ಮವ್ವ ಓಡಿಹೋಗಲಿಲ್ಲ. ನಿನ್ನನ್ನು ಬಿಡಲಿಲ್ಲ.

ಬಸ್ಸು ಹತ್ತಿ ಬರಲೇ? ಒಂದು ಮಾತು ಬರೆ.

ನಿನ್ನ ಶೀತಲ


ಬಸವಕಲ್ಯಾಣ
೪ ಜೂನ್ ೨೦೨೪

ಶೀತೂ,

ಬರಬೇಡ. ನನಗೆ ಅಳಬೇಕಾಗಿದೆ, ನೀನು ಬಂದರೆ ನಿನಗೆ ಅಡುಗೆ ಮಾಡುವುದರಲ್ಲೇ ದಿನ ಹೋಗುತ್ತದೆ.

ಅತ್ತೆ. ಮೂರು ದಿನ ಅತ್ತೆ. ನಾಲ್ಕನೆಯ ದಿನ ಸಿಟ್ಟು ಬಂತು. ಮಾವನ ಮೇಲೆ, ಆ ಮುನ್ಶಿಯ ಮೇಲೆ, ನನ್ನ ಮೇಲೆ. ಮಾವ ಒಂದು ಸಲ ಹೈದರಾಬಾದಿಗೆ ಬಸ್ಸು ಹತ್ತಿದ್ದರೆ ಸಾಕಿತ್ತು. ಆದರೆ ಶೀತೂ, ನಾನು ದೊಡ್ಡವಳಾದ ಮೇಲೆ ನಾನೂ ಹತ್ತಲಿಲ್ಲ. ಒಂದು ಬೆರಳಿನ ಕುಂಕುಮಕ್ಕೆ ಹೆತ್ತವ್ವನನ್ನು ಬಿಟ್ಟುಕೊಟ್ಟೆ.

ಐದನೆಯ ದಿನ ಬೆಳಿಗ್ಗೆ ಎದ್ದಾಗ ಮೈ ಹಗುರ ಇತ್ತು. ಕನ್ನಡಿಯ ಮುಂದೆ ನಿಂತು ಅವ್ವಾ ಅಂತ ಕರೆದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸದ ಕಿವಿ, ಆದರೂ ಕರೆದೆ. ಎಪ್ಪತ್ತೊಂದು ವರ್ಷದ ಮುದುಕಿ ಹೀಗೆ ಮಾಡುವುದನ್ನು ನೆರೆಯವರು ನೋಡಿದ್ದರೆ ಹುಚ್ಚು ಹಿಡಿಯಿತು ಅನ್ನುತ್ತಿದ್ದರು. ಅನ್ನಲಿ.

ಈಗ ನನ್ನ ಮಾತು ಕೇಳು. ಅರ್ಧ ಮಾತ್ರ ಹೇಳಿದ್ದೀ. ಕೊಂದ ಮೇಲೆ ಹೇಗೆ ಮುಚ್ಚಿದ ಅನ್ನುವುದನ್ನು ಹೇಳಿದೆ, ಯಾಕೆ ಕೊಂದ ಅನ್ನುವುದನ್ನು ಹೇಳಲಿಲ್ಲ. ಆಕೆ ಅವನಿಗೆ ಏನು ಮಾಡಿದ್ದಳು? ನೂರು ಜನ ಕಾಗದ ಬರೆಸುತ್ತಿದ್ದರು, ಆ ಐವರನ್ನೇ ಯಾಕೆ ಆರಿಸಿದ? ಆ ಮಾತು ತಿಳಿಯದೆ ಹೋದರೆ ಊರಿನವರು ನಾಳೆ ಮತ್ತೆ ಏನೋ ಒಂದು ಕಟ್ಟುತ್ತಾರೆ, ಆಕೆಯದೇ ಏನೋ ತಪ್ಪಿತ್ತು ಅನ್ನುತ್ತಾರೆ. ಗುರುಶಾಂತ ಈಗಲೇ ಹಾಗೆ ಅಂದ: "ಸುಮ್ಮಸುಮ್ಮನ ಯಾರರ ಕೊಲ್ಲತಾರೇನಬೇ?" ನನಗೆ ಈ ಸಲದ ಮಹಾಲಯ ಅಮಾವಾಸ್ಯೆಗೆ ಆ ಮನೆಯಲ್ಲಿ ನನ್ನವ್ವನಿಗೆ ಎಡೆ ಇಡಿಸಬೇಕು. ಅದಕ್ಕೆ ಬೇಕಾದ ಉತ್ತರ ತಾ.

ಹಿಂದಿನ ಪತ್ರಕ್ಕೆ ಹತ್ತಕ್ಕೆ ಎಂಟು.

ನಿನ್ನ ಅವ್ವ


ನಾರಾಯಣಗೂಡ
೧೮ ಆಗಸ್ಟ್ ೨೦೨೪

ಅವ್ವಾ,

ಸಿಕ್ಕಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಮಾರ್ಕ್ಸ್ ಕಡಿಯಬೇಡ.

ಅಂಟಿದ ಕಾಗದಗಳನ್ನು ಕಳೆದ ವಾರ ಬಿಡಿಸಿ ಕೊಟ್ಟರು. ತಳದಲ್ಲಿ ಐದು ಕಾಗದ ಬೇರೆ ಇದ್ದವು. ಮುನ್ಶಿಯ ಮುತ್ತಿನಂಥ ಅಕ್ಷರದ ನಡುವೆ ಇವು ಕುಂಟುವ ಅಕ್ಷರಗಳು, ಒಂದೊಂದು ಒಂದೊಂದು ಗಾತ್ರ. ಐದೂ ಬೇರೆ ಬೇರೆ ಕೈ. ಐದರಲ್ಲೂ ಕುಂಕುಮ ಇಲ್ಲ. ಓದುತ್ತಾ ಹೋದ ಹಾಗೆ ತಿಳಿಯಿತು. ಇವು ಆ ಐದು ಹೆಂಗಸರು ತಾವೇ ಬರೆದ ಕಾಗದಗಳು.

ಕೇಸಿನ ಕಡತದಲ್ಲಿ ಸುಮತಿ ಎಂಬ ಶಿಕ್ಷಕಿಯ ಅರ್ಧ ಪುಟದ ಹೇಳಿಕೆಯಿದೆ. ಆಕೆ ನಾರಾಯಣಗೂಡದಲ್ಲಿ ದುಡಿಯುವ ಹೆಂಗಸರಿಗೆ ಸಂಜೆ ಶಾಲೆ ನಡೆಸುತ್ತಿದ್ದಳು. ಸತ್ತ ಐವರೂ ನನ್ನ ಶಾಲೆಯವರು, ಮೂರನೆಯಾಕೆಯನ್ನು ನಾವು ಅಡುಗೆ ಅಕ್ಕ ಅಂತ ಕರೆಯುತ್ತಿದ್ದೆವು ಅಂದಿದ್ದಾಳೆ. ಕೋರ್ಟು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಐವರೂ ಬರೆಯಲು ಕಲಿತಿದ್ದರು ಅವ್ವಾ. ಕಲಿತು, ಮೊದಲ ಕಾಗದ ತಾವೇ ಬರೆದು, ವಿಳಾಸ ಮಾತ್ರ ಇಂಗ್ಲಿಷಿನಲ್ಲಿ ಬರೆಸಲು ಮುನ್ಶಿಯ ಹತ್ತಿರ ತಂದಿದ್ದರು. ಖುಷಿಯಿಂದ, ತೋರಿಸಲು. ಅವನು ಅವನ್ನು ಅಂಚೆಗೆ ಹಾಕಲೇ ಇಲ್ಲ.

ಅವನ ಹೇಳಿಕೆಯಲ್ಲಿ ಎಲ್ಲರೂ ದಾಟಿಹೋದ ಒಂದು ಸಾಲಿದೆ. 'ಮೂರನೆಯವಳು ಕಾಗದ ಹಿಡಿದು ತೋರಿಸಿ, ಒಳಗಿನದು ನಾನೇ ಬರೆದೆ ಅಂದಳು. ನಕ್ಕಳು. ಅಂದೇ ಅವಳು ಕೆಟ್ಟಳು ಅಂತ ತಿಳಿಯಿತು.' ಕೆಟ್ಟಳು ಅಂದರೆ ಅವನ ಅರ್ಥ ಇಷ್ಟೇ. ಆ ಹೆಂಗಸರ ಅಳು, ಗುಟ್ಟು, ಮಕ್ಕಳ ಹೆಸರು ಎಲ್ಲ ಅವನ ಲೇಖನಿಯಿಂದಲೇ ಊರಿಗೆ ಹೋಗಬೇಕು, ಊರಿನ ಉತ್ತರ ಅವನ ಬಾಯಿಂದಲೇ ಕೇಳಬೇಕು. ಅವರ ಬದುಕು ತನ್ನ ಮುಷ್ಟಿಯಲ್ಲಿದೆ ಅನ್ನುವುದೇ ಅವನ ಅಮಲು. ಯಾರಿಗೆ ಅವನು ಬೇಡವಾದನೋ ಅವರನ್ನು ಕೊಂದ, ಕೊಂದು ಅವರ ಪರವಾಗಿ ಬರೆಯುವ ಹಕ್ಕನ್ನು ಇಟ್ಟುಕೊಂಡ. ತಾಯಿಯ ಕಥೆಯನ್ನೂ ಹುಡುಕಿದೆ. ಅವಳು ಓಡಿಹೋಗಿರಲೇ ಇಲ್ಲ. ಅವನಿಗೆ ಇಪ್ಪತ್ತಾರು ವರ್ಷ ಆಗಿದ್ದಾಗ ಅವನ ಮನೆಯಲ್ಲೇ ಜ್ವರದಿಂದ ತೀರಿಕೊಂಡಿದ್ದಾಳೆ, ಮರಣದ ದಾಖಲೆ ಇದೆ. ಹೆತ್ತವಳ ಮೇಲೂ ಅವನು ಸುಳ್ಳು ಬರೆದ.

ಶುಕ್ರವಾರ ಇದನ್ನೆಲ್ಲ ಸೆಮಿನಾರಿನಲ್ಲಿ ಓದಿದೆ. ಚಂದ್ರಕಾಂತ ಸರ್ ಮೊದಲ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ಮುಗಿದ ಮೇಲೆ ಎದ್ದು ನಿಂತು, ಮೂವತ್ತು ವರ್ಷ ನಾನು ಕೊಲೆಗಾರನ ಮಾತಿಗೆ ಟಿಪ್ಪಣಿ ಬರೆಯುತ್ತಿದ್ದೆ, ನಾಳೆಯಿಂದ ತರಗತಿಯಲ್ಲಿ ನನ್ನ ಪ್ರಬಂಧ ಓದಿಸಬೇಡಿ, ಇದನ್ನು ಓದಿಸಿ ಅಂದರು. ಇಡೀ ಹಾಲು ಚಪ್ಪಾಳೆ ತಟ್ಟಿತು. ದಾಖಲೆ ಕಚೇರಿಯ ಪಟ್ಟಿಯಲ್ಲಿ ಮೂರನೆಯ ಹೆಂಗಸಿನ ಮುಂದೆ ಖಾಲಿ ಇದ್ದ ಜಾಗದಲ್ಲಿ ಈಗ ಗುರುಬಾಯಿ ಅಂತ ಬರೆದಿದ್ದಾರೆ. ಬರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ನಿನ್ನ ಕಾಗದದ ನಕಲನ್ನು ಸೀಲು ಹಾಕಿಸಿ ಕಳಿಸಿದ್ದೇನೆ. ನಿನ್ನ ಕಾಗದ ಅಂದೆ, ಯಾಕೆಂದರೆ ಅದು ನಿನ್ನ ಹೆಸರಿಗೇ ಇದೆ. ನಾನು ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯುವುದಿಲ್ಲ. ನೀನೇ ಓದು.

ನಿನ್ನ ಶೀತಲ


ಬಸವಕಲ್ಯಾಣ
೩ ಅಕ್ಟೋಬರ್ ೨೦೨೪

ನನ್ನವ್ವ ಗುರುಬಾಯಿಗೆ,

ನಿನ್ನ ಕಾಗದ ಮುಟ್ಟಿತು. ೧೯೬೨ ಸೆಪ್ಟೆಂಬರ್ ೩೦ಕ್ಕೆ ಬರೆದದ್ದು ಈಗ ಮುಟ್ಟಿತು. ನಿನ್ನ ಮೊಮ್ಮಗಳು ಶೀತಲ ತಲುಪಿಸಿದಳು.

ನಿನ್ನೆ ಮಹಾಲಯ ಅಮಾವಾಸ್ಯೆ. ಊರಿಗೆ ಬಂದಿದ್ದ ಶೀತಲಳನ್ನು ಕರೆದುಕೊಂಡು ನಿನ್ನ ಅಣ್ಣನ ಮನೆಗೆ ಹೋದೆ. ಹಿರಿಯರ ಫೋಟೋಗಳ ಮುಂದೆ ಎಡೆ ಹಾಕಿದ್ದರು, ಇಪ್ಪತ್ತು ಮೂವತ್ತು ಜನ ನೆರೆದಿದ್ದರು. ನಾನು ಎದ್ದು ನಿಂತು, ಎಡೆ ಎತ್ತುವ ಮುಂಚೆ ಒಂದು ಕಾಗದ ಓದುತ್ತೇನೆ, ಎಲ್ಲರೂ ಕೇಳಬೇಕು ಅಂದೆ. ಗುರುಶಾಂತ ಏನೋ ಅನ್ನಲು ಬಂದ. ತರಗತಿಯಲ್ಲಿ ಗಲಾಟೆ ಮಾಡುವವರನ್ನು ನೋಡುತ್ತಿದ್ದ ಹಾಗೆ ನೋಡಿದೆ, ಕುಳಿತ. ನೀನು ಬರೆದದ್ದನ್ನು ಬರೆದ ಹಾಗೇ ಓದಿದೆ:

"ವತ್ಸಲಾಗ ಅವ್ವನ ಆಶೀರ್ವಾದ. ಈ ಕಾಗದ ನಾನ ಬರದೀನಿ. ಯಾರೂ ಬರಕೊಟ್ಟಿಲ್ಲ. ಸಂಜಿ ಸಾಲಿಗೆ ಹೋಗತೀನಿ. ಮೊದಲ ನಿನ್ನ ಹೆಸರು ಕಲತೆ, ಆಮ್ಯಾಲ ನನ್ನದು. ದೀಪಾವಳಿಗೆ ಬಂದು ನಿನ್ನ ಕರಕೊಂಡು ಬರತೀನಿ. ಇಲ್ಲಿ ಸಾಲಿ ಭಾಳ ಚಲೋ ಅದಾವ. ನೀ ನನಗಿಂತ ಚಂದ ಬರೀಬೇಕು. ಅಣ್ಣಗ ಹೇಳು. ಗುರುಬಾಯಿ."

ಆಮೇಲೆ ಶೀತಲ ಎದ್ದು ಮುನ್ಶಿ ಯಾಕೆ ಕೊಂದ ಅನ್ನುವುದನ್ನು ಹೇಳಿದಳು. ಗುರುಶಾಂತ ಒಳಗೆ ಹೋದ. ಸಿಟ್ಟಾದ ಅಂದುಕೊಂಡೆ. ತಿರುಗಿ ಬಂದಾಗ ಕೈಯಲ್ಲಿ ಬಾಳೆ ಎಲೆ ಇತ್ತು. ತಾನೇ ಅದನ್ನು ಹಾಸಿ, ಹೋಳಿಗೆ, ತುಪ್ಪ, ಅನ್ನ ಬಡಿಸಿದ. ಹಿರಿಯರ ಎಡೆಗೆಂದು ತಂದ ಹೊಸ ಸೀರೆ ಒಂದೇ ಇತ್ತು, ಅದನ್ನು ನಿನ್ನ ಎಲೆಯ ಮುಂದೆ ಇಟ್ಟು, "ಅತ್ತಿ, ಅಪ್ಪನ ತಪ್ಪು ಹೊಟ್ಟಿಗಿ ಹಾಕ್ಕೋಬೇ" ಅಂದು ಅಡ್ಡಬಿದ್ದ. ನಾನು ಅಳಲಿಲ್ಲ. ನಗುತ್ತಿದ್ದೆ ಅಂತ ಶೀತಲ ಹೇಳುತ್ತಾಳೆ.

ಅವ್ವಾ, ನೀನು ಕಲಿಯಬಾರದು ಅಂತ ಅವನು ನಿನ್ನನ್ನು ಕೊಂದ. ನಿನ್ನ ಮಗಳು ಏನಾದಳು ಗೊತ್ತೇ? ಶಾಲಾ ಶಿಕ್ಷಕಿ ಆದಳು. ಮೂವತ್ತೆಂಟು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳ ಕೈಹಿಡಿದು ಅಕ್ಷರ ಬರೆಸಿದಳು. ಹೆಬ್ಬೆಟ್ಟು ಒತ್ತುವ ತಾಯಂದಿರನ್ನು ಸಂಜೆ ಕೂರಿಸಿಕೊಂಡು ಸಹಿ ಕಲಿಸಿದಳು. ಯಾಕೆ ಹಾಗೆ ಮಾಡುತ್ತಿದ್ದೆ ಅಂತ ನನಗೇ ತಿಳಿದಿರಲಿಲ್ಲ. ಅವನು ನಿನ್ನ ಒಂದು ಕಾಗದ ತಡೆದ, ನಾನು ಈ ತಾಲ್ಲೂಕಿಗೆಲ್ಲ ಬರೆಯುವುದನ್ನು ಕಲಿಸಿ ಕುಳಿತಿದ್ದೇನೆ.

ನಿನ್ನ ಅಕ್ಷರ ಸೊಟ್ಟ ಇವೆ, ಸಾಲು ಏರಿಳಿದಿವೆ. ಕೆಂಪು ಪೆನ್ನು ಹಿಡಿದು ಕುಳಿತೆ. ಹತ್ತಕ್ಕೆ ಹತ್ತು ಹಾಕಿದ್ದೇನೆ. ನನ್ನ ನೌಕರಿಯಲ್ಲಿ ಯಾರಿಗೂ ಹಾಕಿರಲಿಲ್ಲ.

ಈ ಕಾಗದವನ್ನು ಶೀತಲ ಹೈದರಾಬಾದಿಗೆ ಒಯ್ದು ಆ ಕಟ್ಟಿನಲ್ಲಿ ನಿನ್ನ ಕಾಗದದ ಪಕ್ಕಕ್ಕೆ ಇಡುತ್ತಾಳೆ, ಅಪ್ಪಣೆ ತಗೊಂಡಿದ್ದಾಳೆ. ಇದರ ಬಲಗಡೆ ಮೂಲೆಗೆ ಕುಂಕುಮ ಇದೆ ನೋಡು. ಹೆದರಬೇಡ. ಯಾರೂ ನಿನ್ನ ಕೈ ಮೀರಿ ಹಚ್ಚಿದ್ದಲ್ಲ. ಶುಭ ಸುದ್ದಿ ಅಂತ ನಿನ್ನ ಮಗಳು, ವಿಧವೆ, ತನ್ನ ಬೆರಳಿನಿಂದ ಹಚ್ಚಿದ್ದಾಳೆ. ಉಳಿದದ್ದನ್ನು ಹಣೆಗೆ ಇಟ್ಟುಕೊಂಡಿದ್ದಾಳೆ.

ಇತಿ ನಿನ್ನ ಮಗಳು,
ವತ್ಸಲಾ ಗುರುಬಾಯಿ